ಸಹಾಯ ಬೇಕು: ಒಣಗಿದ ಮೊಬೈಲ್ ಇನ್ನೂ ‘ತೇವಾಂಶವಿದೆ’ ಎನ್ನುತ್ತಿದೆ

ಶಿರಸಿ ಹತ್ತಿರದ ಹಳ್ಳಿಯವನು ನಾನು. ಮಳೆಗಾಲದಲ್ಲಿ ಇಲ್ಲಿ ಗೋಡೆಯೂ ಬೆವರುತ್ತದೆ, ಮೊಬೈಲ್ ಯಾವ ಲೆಕ್ಕ! ಆರು ದಿನಗಳ ಹಿಂದೆ ಅಡಿಕೆಗೆ ಕೊಳೆರೋಗದ ಔಷಧಿ ಹೊಡೆಸುವಾಗ ಜೇಬಿನಲ್ಲಿದ್ದ ಆಂಡ್ರಾಯ್ಡ್ ಮೊಬೈಲಿಗೂ ಬೋರ್ಡೋ ದ್ರಾವಣದ ಸ್ನಾನವಾಯಿತು. ಅಂದಿನಿಂದ ಚಾರ್ಜರ್ ಚುಚ್ಚಿದೊಡನೆ ‘ಪೋರ್ಟ್‌ನಲ್ಲಿ ತೇವಾಂಶವಿದೆ’ ಎಂಬ ಎಚ್ಚರಿಕೆ ಬರುತ್ತದೆ, ಚಾರ್ಜ್ ಆಗುವುದಿಲ್ಲ.

ಅಮ್ಮ ಹೇಳಿದಳೆಂದು ಎರಡು ದಿನ ಅಕ್ಕಿ ಡಬ್ಬಿಯಲ್ಲಿಟ್ಟೆ. ಅಕ್ಕಿಯ ಪುಡಿ ಒಳಗೆ ಸೇರಿ ಇನ್ನಷ್ಟು ಹಾಳಾಗಬಹುದು ಎಂದು ಆಮೇಲೆ ತಿಳಿಯಿತು. ಫ್ಯಾನ್ ಗಾಳಿಗೆ ಹಿಡಿದೆ, ಬೇರೆ ಕೇಬಲ್ ಹಾಕಿದೆ, ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿಗೆ ಸಂಬಂಧಿಸಿದ ಆ್ಯಪ್‌ನ ಕ್ಯಾಶೆ ಅಳಿಸಿದೆ, ರೀಸ್ಟಾರ್ಟ್ ಮಾಡಿದೆ. ಏನೂ ಪ್ರಯೋಜನವಾಗಲಿಲ್ಲ. ಸ್ವಿಚ್ ಆಫ್ ಮಾಡಿದರೆ ಮಾತ್ರ ನಿಧಾನವಾಗಿ ಚಾರ್ಜ್ ಆಗುತ್ತದೆ. ಹಾಗೆ ಮಾಡುವುದು ಸುರಕ್ಷಿತವೇ ಎಂಬ ಭಯವೂ ಇದೆ.

ಗೊಂದಲ ಇಲ್ಲಿದೆ. ಟಾರ್ಚ್ ಹಾಕಿ ನೋಡಿದರೆ ನೀರಿನ ಪಸೆ ಕಾಣುವುದಿಲ್ಲ, ಆದರೆ ಪಿನ್‌ಗಳ ಪಕ್ಕ ತೆಳುವಾದ ನೀಲಿ ಕಲೆಯಿದೆ. ಬೋರ್ಡೋ ಎಂದರೆ ಮೈಲುತುತ್ತ ಮತ್ತು ಸುಣ್ಣ. ಆ ಲವಣವೇ ಪಿನ್‌ಗಳ ನಡುವೆ ವಿದ್ಯುತ್ ಹರಿಸಿ, ಮೊಬೈಲ್ ಅದನ್ನೇ ನೀರೆಂದು ತಿಳಿಯುತ್ತಿದೆಯೇ? ಪೇಟೆಯ ಅಂಗಡಿಯವರು ನೋಡದೆಯೇ ‘ಮದರ್‌ಬೋರ್ಡ್ ಹೋಗಿದೆ’ ಎಂದರು. ನಂಬಲು ಮನಸ್ಸಿಲ್ಲ.

ತಿಳಿದವರು ಹೇಳಿ: ಮೊಬೈಲ್ ಆಫ್ ಮಾಡಿ, ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಮೃದು ಬ್ರಷ್‌ನಿಂದ ನಾನೇ ಪೋರ್ಟ್ ಸ್ವಚ್ಛಗೊಳಿಸಬಹುದೇ, ಅಥವಾ ಚಾರ್ಜಿಂಗ್ ಪೋರ್ಟನ್ನೇ ಬದಲಿಸಬೇಕೇ?