ಹಿಂದಿನ ಆಕ್ಸಲ್ ಅನುಪಾತ 1.86 ಬರುತ್ತಿದೆ, ಇದು ಹೇಗೆ ಸಾಧ್ಯ?

ಪಿಕಪ್‌ಸವಾರ: ತಲೆ ಕೆಟ್ಟುಹೋಗಿದೆ. ಜಾಕ್ ಹಾಕಿ, ನ್ಯೂಟ್ರಲ್ ಮಾಡಿ, ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಹೋಗುವ ಶಾಫ್ಟ್‌ಗೂ ಟೈರಿಗೂ ಸೀಮೆಸುಣ್ಣದ ಗುರುತು ಹಾಕಿ, ಚಕ್ರವನ್ನು ಒಂದು ಪೂರ್ತಿ ಸುತ್ತು ತಿರುಗಿಸಿದೆ. ಶಾಫ್ಟ್ ಎರಡು ಸುತ್ತು ಕೂಡ ಬರಲಿಲ್ಲ! ಚಕ್ರದ ಒಂದು ಸುತ್ತಿಗೆ ಶಾಫ್ಟ್ ಎಷ್ಟು ಸುತ್ತು ಎಂಬ ಅನುಪಾತ ಲೆಕ್ಕ ಹಾಕಿದರೆ 1.86. ಯಾವ ಪಿಕಪ್‌ನಲ್ಲಿ ಇಂಥ ಗೇರ್ ಇರುತ್ತದೆ?

ಟೈರ್‌ಪ್ರೇಮಿ: ಟೈರ್ ಬದಲಿಸಿದ್ದೀರಾ? ಅಳತೆ ಹೇಳಿ. ಎಲ್ಲ ಗೊಂದಲವೂ ಅಲ್ಲಿಂದಲೇ ಶುರುವಾಗುತ್ತದೆ.

ಹಳೆಗ್ಯಾರೇಜ್: ಕೈಯಿಂದ ಸುತ್ತು ಎಣಿಸುವಾಗ ಟೈರಿನ ಅಳತೆಗೆ ಏನು ಕೆಲಸ? ಚೀಟಿ ನೋಡಿ. ಜನರಲ್ ಮೋಟಾರ್ಸ್‌ನ ಹಳೆಯ ಪಿಕಪ್ ಆದರೆ ಗ್ಲವ್ ಬಾಕ್ಸಿನ ಚೀಟಿಯಲ್ಲಿ ಜಿಯು6 ಎಂಬ ಸಂಕೇತವಿದ್ದರೆ ಅನುಪಾತ 3.42, ಜಿಟಿ4 ಎಂದಿದ್ದರೆ 3.73.

ಟೈರ್‌ಪ್ರೇಮಿ: ಹಿಂದಿನ ಮಾಲೀಕರು ಗೇರ್ ಬದಲಿಸಿದ್ದರೆ ಚೀಟಿ ಬಂದು ಹೇಳುತ್ತದೆಯೇ? ಎಂಜಿನ್ನಿನ ಆರ್‌ಪಿಎಂ, ಮೀಟರಿನಲ್ಲಿ ಟೈರಿನ ವ್ಯಾಸ, 0.1885 ಮೂರನ್ನೂ ಗುಣಿಸಿ, ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದರಿಂದ ಭಾಗಿಸಿ. ಅದೇ ಅನುಪಾತ.

ಹಳೆಗ್ಯಾರೇಜ್: ಗೇರ್‌ಬಾಕ್ಸ್ 1:1ರಲ್ಲಿದ್ದರೆ ಮಾತ್ರ! ಎಂಜಿನ್‌ಗಿಂತ ಶಾಫ್ಟ್ ವೇಗವಾಗಿ ತಿರುಗುವ ಓವರ್‌ಡ್ರೈವ್‌ ಗೇರಿನಲ್ಲಿದ್ದರೆ ಬಂದ ಉತ್ತರವನ್ನು ಆ ಗೇರಿನ ಅನುಪಾತದಿಂದ ಮತ್ತೆ ಭಾಗಿಸಬೇಕು. ಅರ್ಧ ಸೂತ್ರ ಕೊಟ್ಟು ಜನರ ದಾರಿ ತಪ್ಪಿಸಬೇಡಿ.

ಬಂಡೆಹತ್ತುವವ: ನನ್ನ ಗಾಡಿಗೆ 4.56 ಕ್ರೌನ್-ಪಿನಿಯನ್ (ಆಕ್ಸಲ್‌ನೊಳಗಿನ ದೊಡ್ಡ-ಚಿಕ್ಕ ಹಲ್ಲುಚಕ್ರಗಳ ಜೋಡಿ), ಹಿಂದೆ ಎರಡೂ ಚಕ್ರಗಳನ್ನು ಒಟ್ಟಿಗೆ ತಿರುಗಿಸುವ ಲಾಕರ್, 35 ಇಂಚಿನ ಟೈರ್. ಕಡಿದಾದ ಏರಿನಲ್ಲಿ ಆಕ್ಸಿಲರೇಟರ್ ಮುಟ್ಟದೆಯೇ ಹತ್ತುತ್ತದೆ. ಆ ಎಳೆತ ಒಮ್ಮೆ ಕಂಡವರು ಮತ್ತೆ 3.42ರ ಮಾತೆತ್ತುವುದಿಲ್ಲ.

ಹಲ್ಲೆಣಿಕೆ: ಪಿಕಪ್‌ಸವಾರರೇ, ಒಂದೇ ಪ್ರಶ್ನೆ. ಎತ್ತಿದ್ದು ಒಂದು ಚಕ್ರವನ್ನೋ ಎರಡನ್ನೋ?

ಪಿಕಪ್‌ಸವಾರ: ಒಂದೇ. ಇನ್ನೊಂದು ನೆಲದ ಮೇಲೆಯೇ ಇತ್ತು.

ಹಲ್ಲೆಣಿಕೆ: ಹಾಗಾದರೆ ಉತ್ತರ ಸಿಕ್ಕಿತು. ಒಂದು ನೆಲದಲ್ಲಿದ್ದೂ ಇನ್ನೊಂದು ಸಲೀಸಾಗಿ ತಿರುಗಿತು ಎಂದರೆ ಅದು ಓಪನ್ ಡಿಫರೆನ್ಷಿಯಲ್, ಅಂದರೆ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ, ಲಾಕರ್ ಇಲ್ಲದ ಜೋಡಣೆ. ಆಗ ಚಕ್ರ ಒಂದು ಸುತ್ತು ಬಂದರೆ ಕ್ರೌನ್ ವೀಲ್ ಅರ್ಧ ಸುತ್ತು ಮಾತ್ರ ಬರುತ್ತದೆ. 1.86ರ ಎರಡರಷ್ಟು 3.72. ಕ್ರೌನ್‌ನಲ್ಲಿ 41 ಹಲ್ಲು, ಪಿನಿಯನ್‌ನಲ್ಲಿ 11 ಹಲ್ಲು ಇದ್ದರೆ 3.73.

ಹಳೆಗ್ಯಾರೇಜ್: 3.55 ಯಾಕಾಗಬಾರದು? ಕಣ್ಣಳತೆಯಲ್ಲಿ ಕಾಲು ಸುತ್ತು ಆಚೀಚೆ ಆಗಿಯೇ ಆಗುತ್ತದೆ.

ಹಲ್ಲೆಣಿಕೆ: ಆ ಅನುಮಾನ ನ್ಯಾಯವೇ. ಚಕ್ರವನ್ನು 20 ಸುತ್ತು ತಿರುಗಿಸಿ. 3.55 ಆದರೆ ಶಾಫ್ಟ್ ಮೂವತ್ತೈದೂವರೆ ಸುತ್ತು, 3.73 ಆದರೆ 37 ದಾಟುತ್ತದೆ. ಗಾಡಿ ಸ್ಟ್ಯಾಂಡಿನ ಮೇಲಿರಲಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಡಿ.

ಪಿಕಪ್‌ಸವಾರ: 37 ದಾಟಿ ಕಾಲು ಸುತ್ತು. ಬಹಳ ಉಪಕಾರವಾಯಿತು. ಇನ್ನು ಮುಂದಿನ ಆಕ್ಸಲ್ ಜೋಡಿಸುತ್ತೇನೆ, ಬೇರೆ ಗಾಡಿಯಿಂದ ಬಿಚ್ಚಿ ತಂದದ್ದು ಇದೆ.

ಹಲ್ಲೆಣಿಕೆ: ಫೋರ್ ವೀಲ್ ಡ್ರೈವ್ ಎಂದು ಈಗ ಹೇಳುತ್ತಿದ್ದೀರಾ! ಮೊದಲು ಅದರ ಹಲ್ಲು ಎಣಿಸಿ. ಮುಂದೆ 4.10, ಹಿಂದೆ 3.73 ಇಟ್ಟುಕೊಂಡು ಡಾಂಬರು ರಸ್ತೆಯಲ್ಲಿ ಫೋರ್ ವೀಲ್ ಹಾಕಿದರೆ ಎರಡೂ ಆಕ್ಸಲ್‌ಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಬಿಗಿದು ಒಡೆಯಬಹುದು.

ಟೈರ್‌ಪ್ರೇಮಿ: ಟೈರಿನ ಅಳತೆ ಇನ್ನೂ ಹೇಳಿಲ್ಲ.