18 ತಿಂಗಳು ಬಡ್ಡಿ ಇಲ್ಲದ ಕಾರ್ಡಿನಲ್ಲಿ ಹಳೇ ಕಾರು: ಲೆಕ್ಕ ಸರಿ ಇದೆಯಾ?

ಹೊಸ ಚಾಲಕ

ಡೀಲರ್ ಹತ್ತಿರ ನೋಡಿರುವ ಸೆಕೆಂಡ್ ಹ್ಯಾಂಡ್ ಕಾರಿಗೆ 2,40,000 ಹೇಳುತ್ತಿದ್ದಾರೆ. ಹೊಸ ಕ್ರೆಡಿಟ್ ಕಾರ್ಡ್ ಒಂದರಲ್ಲಿ ಖರೀದಿಗೆ 18 ತಿಂಗಳು ಬಡ್ಡಿ ಇಲ್ಲ, ಲಿಮಿಟ್ 2,00,000. ಉಳಿತಾಯ 2,60,000 ಇದೆ, ಆದರೆ ಅದನ್ನು ಬರಿದು ಮಾಡುವ ಮನಸ್ಸಿಲ್ಲ. 60,000 ಕೈಯಿಂದ ಕೊಟ್ಟು, 1,80,000 ಸ್ವೈಪ್ ಮಾಡಿ, ತಿಂಗಳಿಗೆ 10,000 ಕಟ್ಟಿ ತೀರಿಸುವ ಯೋಚನೆ. ಬ್ಯಾಂಕ್ ಸಾಲವಾದರೆ ವರ್ಷಕ್ಕೆ 10% ಬಡ್ಡಿ. ಎಲ್ಲಿ ಎಡವಬಹುದು?

ಅಸಲು-ಬಡ್ಡಿ

ಮೊದಲು 18ರಿಂದ ಭಾಗಿಸುವುದನ್ನು ಬಿಡಿ. ಬಡ್ಡಿರಹಿತ ಅವಧಿ ಸಾಮಾನ್ಯವಾಗಿ ಖಾತೆ ತೆರೆದ ದಿನದಿಂದ ಓಡಲು ಶುರುವಾಗುತ್ತದೆ, ಕಾರು ಕೊಂಡ ದಿನದಿಂದಲ್ಲ. ಕಾರ್ಡ್ ಕೈಸೇರಿ, ಕಾರು ನೋಡಿ, ಕಾಗದಪತ್ರ ಪರಿಶೀಲಿಸುವಷ್ಟರಲ್ಲಿ ಒಂದು ತಿಂಗಳು ಹೋಗಿರುತ್ತದೆ. ಕೊನೆಯ ತಿಂಗಳನ್ನು ಮೀಸಲಿಡಿ. 16ರಿಂದ ಭಾಗಿಸಿದರೆ ಕಂತು 11,250. ಅಷ್ಟು ಕಟ್ಟುವುದು ಕಷ್ಟ ಎನಿಸಿದರೆ ಸ್ವೈಪ್ ಮಾಡುವ ಮೊತ್ತವನ್ನೇ ಇಳಿಸಬೇಕು.

ಎರಡನೆಯದು, ಬ್ಯಾಂಕ್ ಕೇಳುವ ಕನಿಷ್ಠ ಮೊತ್ತ. ಅದು ಬಾಕಿಯ 2% ಅಂದುಕೊಳ್ಳಿ. 18 ತಿಂಗಳು ಅದನ್ನಷ್ಟೇ ಕಟ್ಟುತ್ತ ಬಂದರೆ ಕೊನೆಗೆ ಸುಮಾರು 1,25,000 ಉಳಿದಿರುತ್ತದೆ. ಆಮೇಲೆ ತಿಂಗಳಿಗೆ 3% ಬಡ್ಡಿ ಎಂದರೆ ಮೊದಲ ತಿಂಗಳೇ 3,750. ಆಟೋ ಪೇ ಹಾಕುವಾಗ ‘ಕನಿಷ್ಠ ಮೊತ್ತ’ ಮೊದಲೇ ಆಯ್ಕೆಯಾಗಿರಬಹುದು. ಅದನ್ನು ತೆಗೆದು 11,250 ಎಂದು ನೀವೇ ತುಂಬಿ. ಒಂದೇ ಒಂದು ಕಂತು ತಪ್ಪಿದರೂ ಆಫರ್ ರದ್ದು ಮಾಡುವ ಷರತ್ತು ಎಷ್ಟೋ ಕಾರ್ಡುಗಳಲ್ಲಿದೆ.

ಮೂರನೆಯದನ್ನು ಬಹಳ ಜನ ಓದುವುದೇ ಇಲ್ಲ. ‘ಬಡ್ಡಿ ಇಲ್ಲ’ ಎನ್ನುವುದರಲ್ಲಿ ಎರಡು ಬಗೆ. ಒಂದರಲ್ಲಿ ಗಡುವು ಮುಗಿದ ಮೇಲೆ ಉಳಿದ ಬಾಕಿಗಷ್ಟೇ ಬಡ್ಡಿ. ಇನ್ನೊಂದರಲ್ಲಿ ಬಡ್ಡಿ ಒಳಗೊಳಗೇ ಲೆಕ್ಕವಾಗುತ್ತಲೇ ಇರುತ್ತದೆ. ಗಡುವಿನ ದಿನ ಚಿಲ್ಲರೆ ಬಾಕಿ ಉಳಿದರೂ ಮೊದಲ ದಿನದಿಂದ ಕೂಡಿಟ್ಟ ಬಡ್ಡಿಯನ್ನೆಲ್ಲ ಒಟ್ಟಿಗೆ ಹೇರುತ್ತಾರೆ. ಎರಡನೇ ಬಗೆಯದಾದರೆ ಕಾರಿನಂಥ ದೊಡ್ಡ ಖರೀದಿಗೆ ಅದು ಬೇಡ.

ಇನ್ನು, 2,00,000 ಲಿಮಿಟ್‌ನಲ್ಲಿ 1,80,000 ಬಳಸಿದರೆ 90% ತುಂಬಿದ ಹಾಗೆ. ಬಾಕಿ ಇಳಿಯುವವರೆಗೆ ಕ್ರೆಡಿಟ್ ಸ್ಕೋರ್ ಕುಗ್ಗಬಹುದು. ಹತ್ತಿರದಲ್ಲೇ ಮನೆ ಸಾಲಕ್ಕೆ ಅರ್ಜಿ ಹಾಕುವುದಿದ್ದರೆ ಅದನ್ನು ಮೊದಲು ಮುಗಿಸಿಕೊಳ್ಳಿ.

ನಾಲ್ಕನೇ ಗೇರ್

ಡೀಲರನ್ನು ಮೂರು ವಿಷಯ ಕೇಳಿ, ಉತ್ತರ ಮೆಸೇಜಿನಲ್ಲಿ ಪಡೆಯಿರಿ: ಕಾರ್ಡಿನಲ್ಲಿ ಎಷ್ಟರವರೆಗೆ ತೆಗೆದುಕೊಳ್ಳುತ್ತೀರಿ, ಅದಕ್ಕೆ ಹೆಚ್ಚುವರಿ ಶುಲ್ಕ ಎಷ್ಟು, ಬ್ಯಾಂಕ್ ಖಾತೆಯಿಂದ ನೇರ ಹಾಕಿದರೆ ಬೆಲೆ ಎಷ್ಟು ಇಳಿಯುತ್ತದೆ. ಅಡ್ವಾನ್ಸನ್ನಷ್ಟೇ ಕಾರ್ಡಿನಲ್ಲಿ ತೆಗೆದುಕೊಳ್ಳುವ ಡೀಲರುಗಳು ಬಹಳ.

ಮಾಲೀಕರಿಂದ ನೇರ ಕೊಳ್ಳುವುದಾದರೆ ಈ ಕಾರ್ಡಿನಿಂದ ಪ್ರಯೋಜನವಿಲ್ಲ. ಎಟಿಎಮ್‌ನಲ್ಲಿ ನಗದು ತೆಗೆದರೆ ಶುಲ್ಕದ ಜೊತೆಗೆ ಅಂದಿನಿಂದಲೇ ಬಡ್ಡಿ. ಬಡ್ಡಿ ಇಲ್ಲದಿರುವುದು ಖರೀದಿಗೆ, ನಗದಿಗಲ್ಲ. ವಾಲೆಟ್‌ಗೆ ತುಂಬಿ ಅಲ್ಲಿಂದ ಕಳಿಸುವುದನ್ನೂ ಎಷ್ಟೋ ಬ್ಯಾಂಕುಗಳು ನಗದು ಎಂದೇ ಲೆಕ್ಕ ಹಾಕುತ್ತವೆ.

ಹೊಸ ಚಾಲಕ

ಕೇಳಿದೆ. ಕಾರ್ಡಿಗೆ 3% ಹೆಚ್ಚುವರಿ. ಪೂರ್ತಿ ಹಣ ಬ್ಯಾಂಕಿನಿಂದ ಹಾಕಿದರೆ 8,000 ಬಿಡುತ್ತಾರಂತೆ. ಅಡ್ವಾನ್ಸ್ 10,000 ಕಾರ್ಡಿನಲ್ಲಿ ಕೊಟ್ಟರೂ ಆ ರಿಯಾಯಿತಿ ಸಿಗುತ್ತದೆ.

ಅಸಲು-ಬಡ್ಡಿ

ಹಾಗಾದರೆ ನಿಮ್ಮ ಬಡ್ಡಿ ಇಲ್ಲದ ಸಾಲದ ಬೆಲೆ ಎದುರಿಗೇ ಇದೆ. 1,80,000ಕ್ಕೆ 3% ಅಂದರೆ 5,400. ಕೈತಪ್ಪುವ ರಿಯಾಯಿತಿ 8,000. ಒಟ್ಟು 13,400. ಅದೇ 1,80,000 ಬ್ಯಾಂಕ್ ಸಾಲವನ್ನು 10%ರಂತೆ 16 ತಿಂಗಳಲ್ಲಿ ತೀರಿಸಿದರೆ ಬಡ್ಡಿ ಸುಮಾರು 13,000. ಸಾಲದ ಸಂಸ್ಕರಣಾ ಶುಲ್ಕ ಸೇರಿದರೂ ಹೆಚ್ಚೂಕಮ್ಮಿ ಸಮ.

ಇದಕ್ಕಿಂತ ಒಳ್ಳೆ ದಾರಿ ಇದೆ, ಉಳಿತಾಯ ಇರುವುದರಿಂದ. ಕಾರಿನ ಹಣ ಬ್ಯಾಂಕಿನಿಂದಲೇ ಹಾಕಿ ರಿಯಾಯಿತಿ ಪಡೆಯಿರಿ. ಕಾರ್ಡನ್ನು ಇಂಧನ, ವಿಮೆ, ದಿನಸಿಯಂಥ ಹೇಗೂ ಆಗುವ ಖರ್ಚಿಗೆ, ಹೆಚ್ಚುವರಿ ಶುಲ್ಕ ಇಲ್ಲದ ಕಡೆ ಬಳಸಿ. ತಿಂಗಳಿಗೆ 25,000 ಖರ್ಚು ಕಾರ್ಡಿಗೆ ಹೋದರೆ, ಸಂಬಳದಲ್ಲಿ ಉಳಿಯುವ ಅಷ್ಟೇ ಹಣದಲ್ಲಿ ಕನಿಷ್ಠ ಮೊತ್ತ ಕಟ್ಟಿ ಉಳಿದದ್ದನ್ನು ಉಳಿತಾಯಕ್ಕೆ ಹಾಕಿ. ನಾಲ್ಕು ತಿಂಗಳಲ್ಲಿ ಒಂದು ಲಕ್ಷದ ಹತ್ತಿರ ಮರಳಿರುತ್ತದೆ. ಬಡ್ಡಿ ಇಲ್ಲದ ಅದೇ ಸಾಲ, 13,400 ಕೊಡದೆ. ಗಡುವಿಗೆ ಎರಡು ತಿಂಗಳು ಮುಂಚೆ ಬಾಕಿಯನ್ನು ಒಟ್ಟಿಗೆ ತೀರಿಸಿ. ಆ ಹಣ ಬೇರೆಯದಕ್ಕೆ ಖರ್ಚಾಗುವ ಭಯವಿದ್ದರೆ ಮಾತ್ರ ಇದು ಬೇಡ, ತಿಂಗಳ ಕಂತೇ ಒಳ್ಳೆಯದು.

ಒಂದು ಕೊರತೆ ಇದೆ: ಮೊದಲ ಎರಡು ಮೂರು ತಿಂಗಳು ಕೈಯಲ್ಲಿ ನಗದು ತೀರಾ ಕಡಿಮೆ. ಸಂಬಳ ನಿಶ್ಚಿತವಾಗಿದ್ದರೆ ಮಾತ್ರ ಹೀಗೆ ಮಾಡಿ.

ನಾಲ್ಕನೇ ಗೇರ್

ಅಡ್ವಾನ್ಸ್ 10,000 ಕಾರ್ಡಿನಲ್ಲೇ ಕೊಡಿ, ಅದಕ್ಕೆ ಆಗುವ 300 ಹೋದರೆ ಹೋಗಲಿ. ಕಾರು ಕೊಡದೇ ಹೋದರೆ ಅಥವಾ ಹೇಳಿದ ಕಾರೇ ಬೇರೆ, ಕೊಟ್ಟದ್ದೇ ಬೇರೆ ಆದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ (ಕಾರ್ಡಿನಲ್ಲಿ ಕೊಟ್ಟ ಹಣ ವಾಪಸ್) ಕೇಳಬಹುದು, ಸಾಮಾನ್ಯವಾಗಿ 120 ದಿನದೊಳಗೆ. ರಶೀದಿಯಲ್ಲಿ ಕಾರಿನ ನೋಂದಣಿ ಸಂಖ್ಯೆ, ಚಾಸಿ ಸಂಖ್ಯೆ, ಅವತ್ತಿನ ಓಡೋಮೀಟರ್ ಅಂಕಿ, ‘ಪರೀಕ್ಷೆಯಲ್ಲಿ ದೋಷ ಕಂಡರೆ ಅಡ್ವಾನ್ಸ್ ವಾಪಸ್’ ಎಂಬ ಸಾಲು ಇರಲೇಬೇಕು. ಬರೀ ‘ಕಾರಿಗೆ ಮುಂಗಡ’ ಎಂದಿದ್ದರೆ ಬ್ಯಾಂಕಿಗೆ ತೋರಿಸಲು ಏನೂ ಇರುವುದಿಲ್ಲ. ಉಳಿದ ಹಣ ಹಾಕುವ ಮುನ್ನ ಹಳೇ ಮಾಲೀಕರ ಸಾಲ ತೀರಿದೆ ಎಂಬ ಪತ್ರ ನೋಡಿ.

ಸ್ಪ್ಯಾನರ್

ಹಣದ ಮಾತು ಮುಗಿದಿದೆ, ಕಾರಿನದು ಒಂದಿಷ್ಟು. ಕಾರ್ಡಿನ ಲಿಮಿಟ್‌ನಲ್ಲಿ ಕಾರಿನ ಬೆಲೆಯ 10%ರಷ್ಟು ರಿಪೇರಿಗೆಂದೇ ಬಿಟ್ಟಿರಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಟೈರಿನ ಗೀರುಗಳು ಆಳವಾಗಿದ್ದರೂ ರಬ್ಬರ್ ಹಳತಾಗಿ ಬಿರುಕು ಬಿಟ್ಟಿದ್ದರೆ ನಾಲ್ಕು ಟೈರಿನ ಬೆಲೆ ಚೌಕಾಸಿಯಲ್ಲೇ ಕಳೆಯಿರಿ. ಬ್ರೇಕ್ ಪ್ಯಾಡ್ 3 ಮಿ.ಮೀ.ಗೆ ಬಂದಿದ್ದರೆ ಅದನ್ನೂ ಸೇರಿಸಿ. ಟೈಮಿಂಗ್ ಬೆಲ್ಟ್ (ವಾಲ್ವ್‌ಗಳನ್ನು ಪಿಸ್ಟನ್ ಜೊತೆ ಹೊಂದಿಸಿ ಓಡಿಸುವ ಪಟ್ಟಿ) ಇರುವ ಎಂಜಿನ್ ಆದರೆ ಬದಲಿಸಿದ ಬಿಲ್ ಕೇಳಿ. ಬಿಲ್ ಇಲ್ಲವೆಂದರೆ ಬದಲಿಸಿಲ್ಲ ಎಂದೇ ಲೆಕ್ಕ. ಬೆಲ್ಟ್ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ಪಿಸ್ಟನ್ ವಾಲ್ವ್‌ಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ.

ನೋಡಲು ಹೋಗುವಾಗ ‘ಎಂಜಿನ್ ಸ್ಟಾರ್ಟ್ ಮಾಡಿಡಬೇಡಿ’ ಎಂದು ಮುಂಚೆಯೇ ಹೇಳಿ. ಹೋದ ಕೂಡಲೇ ಬಾನೆಟ್ ಮೇಲೆ ಕೈಯಿಡಿ. ಬೆಚ್ಚಗಿದ್ದರೆ ತಣ್ಣಗಿರುವಾಗ ಸ್ಟಾರ್ಟ್ ಆಗುವ ತೊಂದರೆ ಕಾಣುವುದಿಲ್ಲ, ಇನ್ನೊಂದು ದಿನ ಬೆಳಗ್ಗೆ ಬನ್ನಿ.