ಅಮ್ಮನ ಎರಡೂ ಮಂಡಿ ಆಪರೇಷನ್: ಒಟ್ಟಿಗೇ ಮಾಡಿಸಬೇಕಾ, ಒಂದೊಂದೇ ಮಾಡಿಸಬೇಕಾ? ಅನುಭವ ಇದ್ದವರು ಹೇಳಿ

ಕುವೆಂಪುನಗರದ ಮಗಳು:
ಅಮ್ಮನಿಗೆ 66 ವರ್ಷ. ಊರು ಶ್ರೀರಂಗಪಟ್ಟಣದ ಹತ್ತಿರ. ಎರಡೂ ಮಂಡಿ ಸವೆದಿವೆ, ಎಕ್ಸ್‌ರೇ ನೋಡಿ ಗ್ರೇಡ್ 4, ಅಂದರೆ ಸವೆತದ ಕೊನೆಯ ಹಂತ ಅಂದರು. ಶುಗರ್ ಇದೆ, ಮಾತ್ರೆ ನುಂಗುತ್ತಾರೆ. ಎರಡು ಹಸು ಕಟ್ಟಿದ್ದಾರೆ, ಮಾರು ಅಂದರೆ ಕೇಳುವುದಿಲ್ಲ. ಮೈಸೂರಿನಲ್ಲಿ ಒಬ್ಬ ಡಾಕ್ಟರ್ ಎರಡೂ ಒಟ್ಟಿಗೇ ಬದಲಾಯಿಸೋಣ ಅಂತಾರೆ. ಇನ್ನೊಬ್ಬರು ಮೊದಲು ಬಲಗಾಲು, ಮೂರು ತಿಂಗಳು ಬಿಟ್ಟು ಎಡಗಾಲು ಅಂತಾರೆ. ಅಣ್ಣ ಬೆಂಗಳೂರಿಗೇ ಕರೆದುಕೊಂಡು ಬಾ ಅಂತಾನೆ. ಇನ್ಶೂರೆನ್ಸ್ 5 ಲಕ್ಷದ್ದು ಇದೆ. ಊರ ಮನೆಯಲ್ಲಿ ಇಂಡಿಯನ್ ಟಾಯ್ಲೆಟ್ ಒಂದೇ ಇರುವುದು. ತುಂಬ ಗೊಂದಲದಲ್ಲಿದ್ದೇನೆ.

ವಿಜಯನಗರದ ಸೊಸೆ:
ನಮ್ಮ ಅತ್ತೆಗೆ ಎರಡೂ ಒಟ್ಟಿಗೇ ಮಾಡಿಸಿದೆವು. ಯಾರು ಏನೇ ಹೇಳಲಿ, ನಾನು ಅದನ್ನೇ ಹೇಳುತ್ತೇನೆ. ಒಂದೇ ಸಲ ಬೆನ್ನಿಗೆ ಇಂಜೆಕ್ಷನ್, ಒಂದೇ ಸಲ ನೋವು, ಒಂದೇ ಸಲ ನನಗೂ ರಜೆ. ಎರಡನೇ ದಿನವೇ ವಾಕರ್ ಹಿಡಿಸಿ ನಿಲ್ಲಿಸಿದರು. ಅವರ ಅಕ್ಕ ಒಂದು ಕಾಲು ಮಾಡಿಸಿ, ಆ ನೋವು ನೋಡಿದ ಮೇಲೆ ಇನ್ನೊಂದಕ್ಕೆ ಒಪ್ಪಲೇ ಇಲ್ಲ. ಈಗ ಒಂದು ಕಾಲು ನೆಟ್ಟಗೆ, ಒಂದು ಕಾಲು ಬಿಲ್ಲಿನ ಹಾಗೆ.

ದುಡ್ಡಿನ ವಿಷಯ ಕೇಳಿ. ನಮ್ಮದೂ 5 ಲಕ್ಷದ ಪಾಲಿಸಿ. ರೂಮ್ ಬಾಡಿಗೆಗೆ ದಿನಕ್ಕೆ ಪಾಲಿಸಿ ಮೊತ್ತದ 1%, ಅಂದರೆ 5,000 ಮಿತಿ. ಆ ರೇಟಿನ ರೂಮ್ ಖಾಲಿ ಇಲ್ಲ ಅಂತ 8,000ದ ರೂಮ್ ಕೊಟ್ಟರು. ದಿನಕ್ಕೆ 3,000 ಕೈಯಿಂದ ಹೋಗುತ್ತದೆ, ಅಷ್ಟೇ ತಾನೇ ಅಂತ ಡೆಸ್ಕಿನಲ್ಲಿದ್ದ ಹುಡುಗಿಯೇ ಹೇಳಿದಳು. ಡಿಸ್ಚಾರ್ಜ್ ದಿನ ನೋಡಿದರೆ ಸರ್ಜನ್ ಫೀಸು, ಓಟಿ (ಆಪರೇಷನ್ ಥಿಯೇಟರ್), ಅನಸ್ತೇಷಿಯಾ, ನರ್ಸಿಂಗ್ ಎಲ್ಲಕ್ಕೂ ಆ ರೂಮಿನ ಲೆಕ್ಕದಲ್ಲೇ, 8,000ಕ್ಕೆ 5,000 ಅನ್ನುವ ಹಾಗೆ, ಎಂಟರಲ್ಲಿ ಐದು ಭಾಗ ಮಾತ್ರ ಪಾಸು! ಅವೆಲ್ಲ ಸೇರಿ 1,60,000 ಇತ್ತು. ಕಂಪನಿ ಕೊಟ್ಟದ್ದು ಒಂದು ಲಕ್ಷ. 60,000 ನಾವು ಕಟ್ಟಿದೆವು. ರೂಮಿನ ವ್ಯತ್ಯಾಸ ಬೇರೆ, ಗ್ಲೌಸು, ಹತ್ತಿ, ಡೈಪರ್ ಬೇರೆ. ಇಂಪ್ಲಾಂಟ್ (ಒಳಗೆ ಹಾಕುವ ಕೃತಕ ಮಂಡಿ) ಮತ್ತು ಔಷಧಿಗೆ ಮಾತ್ರ ಈ ಕಡಿತ ಇರಲಿಲ್ಲ. ಈ ಕಡಿತದ ವಿಷಯ ಪಾಲಿಸಿಯಲ್ಲೇ ಬರೆದಿದೆಯಂತೆ. ರೂಮ್ ಕೊಡುವಾಗ ಹೇಳುವುದಕ್ಕೆ ಏನಾಗಿತ್ತು ಅವರಿಗೆ? ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಸರಸ್ವತಿಪುರಂ ಮೇಷ್ಟ್ರು:
ತಂಗೀ, ನಾನು ನನ್ನದೇ ಎರಡು ಮಂಡಿ ಮಾಡಿಸಿಕೊಂಡವನು. ಒಂದಾದ ಮೇಲೆ ಒಂದು. ನನಗೆ ಬಿಪಿ ಇದೆ, ಹೃದಯದ ಎಕೋದಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು. ಎರಡೂ ಒಟ್ಟಿಗೆ ಅಂದರೆ ರಕ್ತ ಜಾಸ್ತಿ ಹೋಗುತ್ತದೆ, ಹೃದಯಕ್ಕೂ ಶ್ವಾಸಕೋಶಕ್ಕೂ ಭಾರ ಬೀಳುತ್ತದೆ ಎಂದು ಡಾಕ್ಟರೇ ಬೇಡ ಅಂದರು. ಒಂದು ಕಾಲಿನ ಬಲದ ಮೇಲೆ ಇನ್ನೊಂದು ಕಾಲು ಚೇತರಿಸಿಕೊಂಡಿತು. ಬಚ್ಚಲಿಗೆ ಹೋಗಲು ಯಾರನ್ನೂ ಕರೆಯಲಿಲ್ಲ.

ಬೆಲೆ ವಿಷಯದಲ್ಲಿ ಎಲ್ಲರೂ ಇದನ್ನು ತಿಳಿದಿರಬೇಕು. 2017ರ ಆಗಸ್ಟ್‌ನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮಂಡಿ ಇಂಪ್ಲಾಂಟ್‌ಗೆ ಗರಿಷ್ಠ ಬೆಲೆ ಕಟ್ಟಿತು. ಸಾಮಾನ್ಯವಾಗಿ ಹಾಕುವ ಕೋಬಾಲ್ಟ್ ಕ್ರೋಮಿಯಂ ಸೆಟ್ಟಿಗೆ 54,720, ಟೈಟಾನಿಯಂ ಥರದ್ದಕ್ಕೆ 76,600, ಜಿಎಸ್‌ಟಿ ಬೇರೆ. ಆಮೇಲೆ ಪರಿಷ್ಕರಣೆ ಆಗಿದೆ. ಆ ಮಿತಿ ಬರುವ ಮುಂಚೆ ಲಕ್ಷ ದಾಟಿಸಿ ತೆಗೆದುಕೊಳ್ಳುತ್ತಿದ್ದರು. ಬಿಲ್ಲಿನಲ್ಲಿ ಇಂಪ್ಲಾಂಟಿನ ಕಂಪನಿ, ಬ್ರಾಂಡು, ಬೆಲೆ ಬೇರೆಯಾಗಿ ಬರೆಯಲೇಬೇಕು. ಅದರ ಸ್ಟಿಕ್ಕರ್ ಕೇಳಿ ಇಸಿದುಕೊಳ್ಳಿ. ನಾನು ಕೇಳಿದ್ದಕ್ಕೆ ಬಿಲ್ಲಿಂಗ್‌ನವನು ಮುಖ ಗಂಟು ಹಾಕಿಕೊಂಡ. ಹಾಕಿಕೊಳ್ಳಲಿ. ಆದರೆ ಆ ಮಿತಿ ಇಂಪ್ಲಾಂಟಿಗೆ ಮಾತ್ರ. ಓಟಿ ಚಾರ್ಜಿಗೆ, ಈಗ ಹೊಸದಾಗಿ ಬಂದಿರುವ ರೋಬೋಟ್ ಚಾರ್ಜಿಗೆ ಯಾವ ಮಿತಿಯೂ ಇಲ್ಲ. ಅದಕ್ಕೇ ಎಲ್ಲರೂ ರೋಬೋಟ್ ರೋಬೋಟ್ ಅನ್ನುತ್ತಿರುವುದು.

ಬೋಗಾದಿ ರಿಂಗ್ ರೋಡ್:
ಮೇಷ್ಟ್ರೇ, ರೋಬೋಟಿಗೆ ಹೆಚ್ಚುವರಿ ದುಡ್ಡು ಕೊಟ್ಟು ನಮ್ಮಮ್ಮನಿಗೆ ಮಾಡಿಸಿದವನು ನಾನು. ಸಿಟಿ ಸ್ಕ್ಯಾನ್ ತೆಗೆದು, ಮೂಳೆ ಎಲ್ಲಿ ಎಷ್ಟು ಕತ್ತರಿಸಬೇಕು ಅಂತ ಮೊದಲೇ ಲೆಕ್ಕ ಹಾಕುತ್ತಾರೆ. ಅಮ್ಮ ಇವತ್ತು ಕುಕ್ಕರಹಳ್ಳಿ ಕೆರೆ ಸುತ್ತು ಹಾಕುತ್ತಾರೆ. ನೋಡದೇ ಮಾತಾಡಬೇಡಿ.

ಸರಸ್ವತಿಪುರಂ ಮೇಷ್ಟ್ರು:
ನಾನೂ ಹಾಕುತ್ತೇನೆ ಸ್ವಾಮೀ ಕೆರೆ ಸುತ್ತು. ರೋಬೋಟ್ ಇಲ್ಲದೆ. 2019ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ಲೆಕ್ಕ ಬಂದಿತ್ತು. ಹಾಕಿದ ಮಂಡಿಗಳಲ್ಲಿ ಸುಮಾರು 82% ಇಪ್ಪತ್ತೈದು ವರ್ಷ ಬಾಳುತ್ತವೆ ಅಂತ. ಅವೆಲ್ಲ ರೋಬೋಟ್ ಬರುವ ಮುಂಚೆ ಕೈಯಲ್ಲೇ ಹಾಕಿದ ಮಂಡಿಗಳು. ಯಂತ್ರ ಹಿಡಿಯುವುದೂ ಡಾಕ್ಟರೇ. ಆ ಡಾಕ್ಟರ್ ವಾರಕ್ಕೆ ಎಷ್ಟು ಮಂಡಿ ಮಾಡುತ್ತಾರೆ ಕೇಳಿ ಮೊದಲು.

ಮದ್ದೂರಿನಿಂದ:
ನೀವೆಲ್ಲ ಕೆರೆ ಸುತ್ತಿನ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಅಪ್ಪನ ಕಥೆ ಕೇಳಿ. ಶುಗರ್ ಇದ್ದವರು. ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ, 9ರ ಮೇಲೆ ಇತ್ತು. ಆದರೂ ಪರವಾಗಿಲ್ಲ, ಇನ್ಸುಲಿನ್ ಕೊಟ್ಟು ಸರಿಮಾಡುತ್ತೇವೆ ಅಂತ ಟೇಬಲ್ ಮೇಲೆ ಮಲಗಿಸಿದರು. ಮೊದಲ ತಿಂಗಳು ಚೆನ್ನಾಗಿತ್ತು. ಆಮೇಲೆ ಮಂಡಿ ಬಿಸಿ, ಕೆಂಪು, ಹೊಲಿಗೆ ಹಾಕಿದ ಕಡೆ ನೀರು ಸೋರುವುದು. ಇದೆಲ್ಲ ಸಹಜ ಅಂತ ಮಾತ್ರೆ ಬರೆದು ಬರೆದು ಕಳಿಸಿದರು. ಕೊನೆಗೆ ಬೇರೆ ಕಡೆ ತೋರಿಸಿದಾಗ ಒಳಗೆ ಕೀವು ಅಂತ ಗೊತ್ತಾಯಿತು. ಹಾಕಿದ್ದ ಇಂಪ್ಲಾಂಟ್ ಕಿತ್ತು, ಆ್ಯಂಟಿಬಯೋಟಿಕ್ ಬೆರೆಸಿದ ಸಿಮೆಂಟ್ ತುಂಬಿದರು. ವಾರಗಟ್ಟಲೆ ರಕ್ತನಾಳಕ್ಕೆ ಇಂಜೆಕ್ಷನ್. ಸೋಂಕು ಹೋದ ಮೇಲೆ ಮತ್ತೆ ಹೊಸ ಮಂಡಿ. ಮೊದಲನೆಯದಕ್ಕೆ 2,10,000 ಆಗಿತ್ತು. ಕೀಳಲು 1,80,000. ಮತ್ತೆ ಹಾಕಲು 3,40,000, ಯಾಕೆಂದರೆ ಎರಡನೇ ಸಲದ್ದು ಬೇರೆ ಥರದ ಇಂಪ್ಲಾಂಟ್. ಇನ್ಶೂರೆನ್ಸ್ ಅರ್ಧಕ್ಕೇ ಮುಗಿಯಿತು. ಗದ್ದೆ ಒತ್ತೆ ಇಟ್ಟೆವು. ಅಪ್ಪ ಈಗಲೂ ಕೋಲು ಹಿಡಿದೇ ನಡೆಯುವುದು.

ಸೋಂಕು ನೂರರಲ್ಲಿ ಒಬ್ಬರಿಗೋ ಇಬ್ಬರಿಗೋ ಅಂತಾರೆ. ಆ ಒಬ್ಬರು ನಮ್ಮ ಮನೆಯವರಾಗಿದ್ದರು.

ಗೋಕುಲಂ ಅಕ್ಕ:
ಇದನ್ನೆಲ್ಲ ಓದಿದ ಮೇಲೂ ಆಪರೇಷನ್ ಆಪರೇಷನ್ ಅಂತೀರಲ್ಲ! ನಮ್ಮಮ್ಮನಿಗೂ ಮಂಡಿ ಹೋಗಿದೆ ಅಂದಿದ್ದರು. ನಾನು ಒಪ್ಪಲಿಲ್ಲ. ತೂಕ 81 ಇತ್ತು, 70ಕ್ಕೆ ಇಳಿಸಿದೆ. ರಾತ್ರಿ ಅನ್ನ ಬಿಡಿಸಿದೆ. ತೊಡೆಯ ಮುಂಭಾಗದ ಸ್ನಾಯು ಗಟ್ಟಿಯಾಗಲು ದಿನಾ ಕುರ್ಚಿ ಮೇಲೆ ಕೂತು ಕಾಲು ನೀಟಿ ಹತ್ತು ಎಣಿಸುವುದು. ಈಗ ದೇವರಾಜ ಮಾರುಕಟ್ಟೆಗೆ ಹೋಗಿ ಹೂವು ತರುತ್ತಾರೆ. ಒಂದು ರೂಪಾಯಿ ಆಸ್ಪತ್ರೆಗೆ ಕೊಟ್ಟಿಲ್ಲ. ತಾಳ್ಮೆ ಇದ್ದರೆ ಎಲ್ಲ ಆಗುತ್ತದೆ, ಮನೆಯವರಿಗೆ ತಾಳ್ಮೆ ಬೇಕು ಅಷ್ಟೇ.

ವಿಜಯನಗರದ ಸೊಸೆ:
ಏನು ಮಾತು ಅಂತ ಆಡ್ತೀರಿ? ನಮಗೆ ತಾಳ್ಮೆ ಇಲ್ಲ ಅಂತಲಾ ಅರ್ಥ? ನಿಮ್ಮಮ್ಮನದು ಯಾವ ಗ್ರೇಡ್ ಹೇಳಿ ಮೊದಲು.

ಗೋಕುಲಂ ಅಕ್ಕ:
ಗ್ರೇಡ್ 3 ಅಂತ ಬರೆದಿದ್ದರು. ಅದರಿಂದ ಏನಾಯಿತು?

ವಿಜಯನಗರದ ಸೊಸೆ:
ಅದರಿಂದಲೇ ಎಲ್ಲ ಆಗುವುದು. 4 ಅಂದರೆ ಮೂಳೆಗೆ ಮೂಳೆ ತಾಗುತ್ತಿದೆ ಅಂತ. ಅತ್ತೆ ರಾತ್ರಿ ಮಗ್ಗಲು ಬದಲಿಸಲು ಅಳುತ್ತಿದ್ದರು. ಅವರಿಗೆ ಕಾಲು ನೀಟಿ ಹತ್ತು ಎಣಿಸು ಅನ್ನಬೇಕಿತ್ತಾ ನಾನು? ಅವರದೇ ರಕ್ತದಿಂದ ತಯಾರಿಸಿ ಮಂಡಿಗೆ ಕೊಡುವ ಪಿಆರ್‌ಪಿ ಇಂಜೆಕ್ಷನ್ ಅಂತ ಒಂದಕ್ಕೆ 12,000 ಕೊಟ್ಟು ಅದನ್ನೂ ನೋಡಿದ್ದಾಯಿತು. ಅಷ್ಟು ಸವೆದ ಮೇಲೆ ಅದು ಕೆಲಸ ಮಾಡುವುದಿಲ್ಲ.

ಪಾಂಡವಪುರದ ರೈತ:
ನಮ್ಮವ್ವನಿಗೆ ಊರಿನವರು ಹೇಳಿದ ಎಣ್ಣೆ, ಪಟ್ಟು, ಒಂದು ಪುಡಿ ಎಲ್ಲ ನಡೀತು. ಆ ಪುಡಿ ತಿಂದಾಗ ಓಡಾಡುತ್ತಿದ್ದಳು, ಸುಳ್ಳು ಹೇಳಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಯಲ್ಲೇ ಆಪರೇಷನ್ ಆಯಿತು. ಕಾಯಿಸಿದರು, ತುಂಬ ಕಾಯಿಸಿದರು. ಬೆಡ್ ಇಲ್ಲ, ಅನಸ್ತೇಷಿಯಾ ಡಾಕ್ಟರ್ ರಜೆ, ಮೂತ್ರದಲ್ಲಿ ಸೋಂಕಿದೆ ಅದು ಹೋಗಲಿ. ಕಬ್ಬು ಕಡಿಯುವ ಹೊತ್ತಿಗೆ ಕರೆ ಬಂತು, ಕೂಲಿಯವರನ್ನು ಬಿಟ್ಟು ಓಡಿದೆ. ಆದರೆ ಮಾಡಿದ ಡಾಕ್ಟರ್ ಚಿನ್ನದಂಥವರು. ನಮ್ಮದು ಬಿಪಿಎಲ್ ಕಾರ್ಡು, ಸರ್ಕಾರದ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಇದೆ. ನಾವು ಕೊಟ್ಟಿದ್ದು ವಾಕರ್‌ಗೆ 1,100, ಕಮೋಡ್ ಕುರ್ಚಿಗೆ 2,600, ಹೋಗಿ ಬರುವ ಆಟೋ, ಊಟ. ಪಕ್ಕದ ಬೆಡ್ಡಿನವರದು ಎಪಿಎಲ್. ಅವರಿಗೆ ಸರ್ಕಾರ ಗೊತ್ತು ಮಾಡಿದ ಪ್ಯಾಕೇಜ್ ದರದ 30% ಮಾತ್ರ ಸಿಗುವುದು ಅಂತ ಗೊತ್ತಾಗಿ ಮಂಕಾಗಿ ಕೂತಿದ್ದರು. ಖಾಸಗಿಗೆ ಹೋದವರೇ ಬುದ್ಧಿವಂತರು ಅನ್ನುವ ಹಾಗೆ ಬರೆಯಬೇಡಿ ಯಾರೂ.

ಮಂಡ್ಯ ಮೆಡಿಕಲ್ ಸ್ಟೋರ್:
ಅಣ್ಣಾ, ಆ ಪುಡಿಯ ಬಗ್ಗೆ ಒಂದು ಮಾತು. ಹೆಸರಿಲ್ಲದ, ಚೀಟಿ ಇಲ್ಲದ ಪುಡಿಗಳಲ್ಲಿ ಎಷ್ಟೋ ಸಲ ಸ್ಟೀರಾಯ್ಡ್ ಬೆರೆಸಿರುತ್ತಾರೆ. ಅದಕ್ಕೇ ನಾಲ್ಕು ದಿನದಲ್ಲಿ ನೋವು ಮಾಯ. ಜೊತೆಗೆ ಶುಗರ್ ಏರುತ್ತದೆ, ಮುಖ ಊದುತ್ತದೆ, ಮೂಳೆ ಟೊಳ್ಳಾಗುತ್ತದೆ. ನನ್ನ ಅಂಗಡಿಗೆ ದಿನಾ ಬರುತ್ತಾರೆ, ನೋವಿನ ಮಾತ್ರೆ ಡೈಕ್ಲೋ ಒಂದು ಪಟ್ಟಿ ಕೊಡಿ ಅಂತ. ಶುಗರ್ ಇರುವವರು ವರ್ಷಗಟ್ಟಲೆ ನೋವಿನ ಮಾತ್ರೆ ನುಂಗಿದರೆ ಕಿಡ್ನಿಗೆ ಪೆಟ್ಟು. ಚೀಟಿ ತನ್ನಿ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ತಂಗೀ, ಕಿಡ್ನಿ ಹೇಗಿದೆ ಅಂತ ತೋರಿಸುವ ರಕ್ತಪರೀಕ್ಷೆ, ಕ್ರಿಯಾಟಿನಿನ್, ನಿಮ್ಮಮ್ಮನಿಗೆ ಒಂದು ಸಲ ಮಾಡಿಸಿ.

ಪಾಂಡವಪುರದ ರೈತ:
ನಮ್ಮ ಊರಿನ ವೈದ್ಯರು ಹಾಗೆ ಬೆರೆಸುವವರಲ್ಲ. ಮೂರು ತಲೆಮಾರಿನಿಂದ ಕೊಡುತ್ತಿದ್ದಾರೆ. ಅಂಗಡಿ ಮಾತ್ರೆ ಮಾರುವವರಿಗೆ ಎಲ್ಲರೂ ಕಳ್ಳರೇ.

ಮಂಡ್ಯ ಮೆಡಿಕಲ್ ಸ್ಟೋರ್:
ಮಾರುವವನೇ ಬೇಡ ಅಂತ ಹೇಳುತ್ತಿದ್ದೇನೆ, ಅದನ್ನಾದರೂ ಗಮನಿಸಿ. ಆ ಪುಡಿ ನಿಲ್ಲಿಸಿದ ಮೇಲೆ ನಿಮ್ಮವ್ವನಿಗೆ ಸುಸ್ತು, ವಾಂತಿ ಬಂದಿತ್ತಾ, ನೆನಪು ಮಾಡಿಕೊಳ್ಳಿ. ಸ್ಟೀರಾಯ್ಡ್ ಥಟ್ಟನೆ ಬಿಟ್ಟರೆ ಹಾಗಾಗುತ್ತದೆ.

ನಂಜನಗೂಡಿನ ಮಗಳು:
ಎಲ್ಲರೂ ಮಾಡಿಸಿದೆ ಮಾಡಿಸಿದೆ ಅಂತೀರಿ. ಆಮೇಲೆ ನೋಡಿಕೊಂಡವರು ಯಾರು? ನಮ್ಮ ಮನೆಯಲ್ಲಿ ದುಡ್ಡು ಅಣ್ಣಂದಿರು ಹಾಕಿದರು, ಇಬ್ಬರೂ ಫೋಟೋ ಹಾಕಿಕೊಂಡರು. ಬೆಡ್‌ಪ್ಯಾನ್ ಹಿಡಿದದ್ದು ನಾನು. ನನ್ನ ಹೊಲಿಗೆ ಅಂಗಡಿ ಮುಚ್ಚಿ, ಗಿರಾಕಿಗಳ ದಸರಾ ಬ್ಲೌಸ್ ಎಲ್ಲ ವಾಪಸ್ ಕೊಟ್ಟು ಬಂದೆ. ಮನೆಗೆ ಬರುವ ಫಿಸಿಯೋಥೆರಪಿಯವರಿಗೆ ಒಂದು ಸಲಕ್ಕೆ 600. ಅದು ಇನ್ಶೂರೆನ್ಸಿಗೂ ಬರಲಿಲ್ಲ, ಅಣ್ಣಂದಿರ ಲೆಕ್ಕಕ್ಕೂ ಬರಲಿಲ್ಲ.

ಆ ಫಿಸಿಯೋ ಬಿಟ್ಟರೆ ಆಪರೇಷನ್ ಮಾಡಿಸಿ ಪ್ರಯೋಜನ ಇಲ್ಲ. ಮೊದಲ ಆರು ವಾರದಲ್ಲಿ ಮಂಡಿ ಮಡಚುವುದು ಎಷ್ಟು ಮುಖ್ಯವೋ, ಪೂರ್ತಿ ನೆಟ್ಟಗೆ ಚಾಚುವುದೂ ಅಷ್ಟೇ ಮುಖ್ಯ. ಅಮ್ಮ ನೋವು ಅಂತ ಮಂಡಿ ಕೆಳಗೆ ದಿಂಬು ಇಟ್ಟುಕೊಳ್ಳುವರು. ಫಿಸಿಯೋ ಹುಡುಗಿ ಬಂದು ಎಳೆದು ಬಿಸಾಡಿದಳು. ದಿಂಬು ಹಿಮ್ಮಡಿ ಕೆಳಗೆ ಇಡಬೇಕು, ಮಂಡಿ ಕೆಳಗೆ ಇಟ್ಟರೆ ಕಾಲು ಬಾಗಿದ ಹಾಗೇ ಗಟ್ಟಿಯಾಗುತ್ತದೆ. ಮೀನಖಂಡ ಊದಿ ನೋವು ಬಂದರೆ ರಕ್ತ ಹೆಪ್ಪುಗಟ್ಟಿರಬಹುದು, ಬೆಳಗಾಗಲಿ ಅಂತ ಕಾಯಬೇಡಿ.

ಬೋಗಾದಿ ರಿಂಗ್ ರೋಡ್:
ಎಲ್ಲ ಅಣ್ಣಂದಿರೂ ಹಾಗಲ್ಲ ಮೇಡಂ. ನಮ್ಮಲ್ಲಿ ನಾನೇ ಡ್ರೆಸಿಂಗ್ ಮಾಡಿದ್ದು.

ನಂಜನಗೂಡಿನ ಮಗಳು:
ನೀವೋ, ನಿಮ್ಮ ಹೆಂಡತಿಯೋ? ಅವರನ್ನೂ ಒಂದು ಮಾತು ಬರೆಯಲು ಹೇಳಿ.

ವಿಜಯನಗರದ ಸೊಸೆ:
ಮಗಳು ಮಾಡಿದರೆ ತ್ಯಾಗ, ಸೊಸೆ ಮಾಡಿದರೆ ಕರ್ತವ್ಯ. ನನ್ನ ನಾದಿನಿ ಹಣ್ಣು ಹಿಡಿದುಕೊಂಡು ಬಂದು ಹಣ್ಣು ಕೊಟ್ಟು ಹೋದಳು. ಇದನ್ನೂ ಬರೆಯಿರಿ ಯಾರಾದರೂ.

ಮದ್ದೂರಿನಿಂದ:
ಆ ತಂಗಿ ಕೇಳಿದ್ದು ಒಂದು, ಇಲ್ಲಿ ನಾದಿನಿ ಜಗಳ. ಶುಗರ್ ಎಷ್ಟಿದೆ ಅಂತ ಯಾರೂ ಕೇಳಲಿಲ್ಲ. ಎಚ್‌ಬಿಎ1ಸಿ ಎಷ್ಟಿದೆಯಮ್ಮಾ?

ಕುವೆಂಪುನಗರದ ಮಗಳು:
8.4 ಇದೆ ಅಣ್ಣ. ನಿಮ್ಮ ಅಪ್ಪನ ವಿಷಯ ಓದಿ ರಾತ್ರಿ ನಿದ್ದೆ ಬರಲಿಲ್ಲ. ಒಟ್ಟಿಗೆ ಮಾಡೋಣ ಅಂದವರಿಗೆ ಫೋನ್ ಮಾಡಿ ಶುಗರ್ ಬಗ್ಗೆ ಕೇಳಿದೆ. ನೋಡಿಕೊಳ್ಳೋಣ ಅಂದರು ಅಷ್ಟೇ. ಇನ್ನೊಬ್ಬರು 7.5ರ ಒಳಗೆ ಬಾರದೆ ಕೈ ಹಾಕುವುದಿಲ್ಲ ಅಂದರು. ಅವರ ಹತ್ತಿರವೇ ಹೋಗುವುದು ಅಂತ ಮಾಡಿದ್ದೇನೆ. ಮೊದಲು ಬಲಗಾಲು. ಮೈಸೂರಿನಲ್ಲೇ. ಬೆಂಗಳೂರಿನಲ್ಲಿ ಮಾಡಿಸಿದರೆ ಪ್ರತಿ ಸಲ ತೋರಿಸಲು ಕಾರಿನಲ್ಲಿ ಕಾಲು ಮಡಚಿ ಹೋಗಬೇಕು, ಅಣ್ಣನಿಗೂ ಹೇಳಿದೆ. ಊರಿನಲ್ಲಿ ಕಮೋಡ್ ಹಾಕಿಸಲು ಗಾರೆಯವರು 14,000 ಹೇಳಿದ್ದಾರೆ. ರೂಮ್ ಬಾಡಿಗೆ ಮಿತಿ ಪಾಲಿಸಿಯಲ್ಲಿ ಹುಡುಕಿದೆ, ನಮ್ಮದೂ 1%. ಸೊಸೆ ಅಕ್ಕನಿಗೆ ತುಂಬ ಥ್ಯಾಂಕ್ಸ್.

ಹಸುಗಳನ್ನು ಏನು ಮಾಡುವುದು ಅಂತ ಮಾತ್ರ ಯಾರೂ ಹೇಳಲಿಲ್ಲ. ಅಪ್ಪನಿಗೆ ಹಾಲು ಕರೆಯಲು ಬರುವುದಿಲ್ಲ. ಮತ್ತೆ ಅಮ್ಮ ಆಷಾಢದಲ್ಲಿ ಬೇಡವೇ ಬೇಡ ಅಂತ ಹಠ ಹಿಡಿದಿದ್ದಾರೆ.

ಗೋಕುಲಂ ಅಕ್ಕ:
ಆಷಾಢ ಬೇಡ ಅಂದರೆ ಬೇಡ. ದೊಡ್ಡವರ ಮನಸ್ಸು ಗಟ್ಟಿಯಿದ್ದರೆ ಅರ್ಧ ವಾಸಿ. ಆ ಒಂದು ತಿಂಗಳು ನಾನು ಹೇಳಿದ ವ್ಯಾಯಾಮ ಮಾಡಿಸಿ. ಯಾರಿಗೆ ಗೊತ್ತು, ಆಪರೇಷನ್ನೇ ಬೇಡವಾಗಬಹುದು.

ಸರಸ್ವತಿಪುರಂ ಮೇಷ್ಟ್ರು:
ಆಪರೇಷನ್ ಬೇಡವಾಗುತ್ತದೆ ಅಂತ ಆಸೆ ಹುಟ್ಟಿಸಬೇಡಿ ತಾಯೀ, ಗ್ರೇಡ್ 4 ಅದು. ವ್ಯಾಯಾಮ ಮಾಡಿಸುವುದು ಸರಿ. ಮುಂಚೆಯೇ ತೊಡೆ ಗಟ್ಟಿಯಿದ್ದರೆ ಆಮೇಲೆ ಬೇಗ ನಡೆಯುತ್ತಾರೆ. ಶುಗರ್ ಇಳಿಸಲು ಹೇಗೂ ಸಮಯ ಬೇಕಲ್ಲ, ಆಷಾಢ ಅದರಲ್ಲೇ ಕಳೆಯುತ್ತದೆ.

ಪಾಂಡವಪುರದ ರೈತ:
ಹಸು ಮಾರಬೇಡಿ. ಡೈರಿಗೆ ಹಾಲು ಹಾಕುವ ಪಕ್ಕದವರಿಗೆ ಮೂರು ತಿಂಗಳು ಬಿಡಿ, ಹಾಲು ಅವರದು, ಮೇವು ಅವರದು. ನಾವೂ ಹಾಗೇ ಮಾಡಿದ್ದು. ಅವ್ವ ವಾಕರ್ ಹಿಡಿದುಕೊಂಡೇ ಹೋಗಿ ನೋಡಿಕೊಂಡು ಬರುತ್ತಿದ್ದಳು. ಕರೆಯುವಾಗ ಕುಕ್ಕುರುಗಾಲಲ್ಲಿ ಕೂರುವುದು ಇನ್ನು ಮುಂದೆ ಇಲ್ಲ, ಅದನ್ನು ನಿಮ್ಮಮ್ಮನಿಗೆ ಈಗಲೇ ಹೇಳಿ ಒಪ್ಪಿಸಿ. ಎತ್ತರದ ಸ್ಟೂಲು ಬೇಕು.

ಮದ್ದೂರಿನಿಂದ:
ಹಲ್ಲು ತೋರಿಸಿದ್ದೀರಾ? ಹುಳುಕು ಹಲ್ಲಿನ ಸೋಂಕು ರಕ್ತದಲ್ಲಿ ಹೋಗಿ ಹೊಸ ಮಂಡಿಗೆ ಕೂರಬಹುದು ಅಂತ ಎರಡನೇ ಡಾಕ್ಟರ್ ನಮಗೆ ಹೇಳಿದರು, ಮೊದಲನೆಯವರು ಕೇಳಿಯೇ ಇರಲಿಲ್ಲ. ಹಲ್ಲು, ಮೂತ್ರ, ಕಾಲ್ಬೆರಳ ಸಂದಿಯ ಹುಣ್ಣು, ಮೂರೂ ನೋಡಿಸಿಕೊಂಡೇ ದಿನ ಗೊತ್ತು ಮಾಡಿ.

ಕುವೆಂಪುನಗರದ ಮಗಳು:
ಎರಡು ಹಲ್ಲು ಹುಳುಕಿದೆ ಅಣ್ಣ. ಸೋಮವಾರವೇ ಕರೆದುಕೊಂಡು ಹೋಗುತ್ತೇನೆ.